ಕೊನೆಯ ಸ್ನಾನದಲ್ಲಿ ಕಂಡ ಗಾಯ

ಬೆಳಗಿನ ನಮಾಜು ಈಗಷ್ಟೇ ಮುಗಿದಿದೆ. ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಾಂಸದ ಅಂಗಡಿಗಳ ಷಟರ್ ಇನ್ನೂ ಮೇಲೆದ್ದಿಲ್ಲ. ಒಂದು ಮನೆಯ ಮುಂದೆ ಮಾತ್ರ ಗಂಡಸರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ತಲೆ ತಗ್ಗಿಸಿ ಕೂತಿದ್ದಾರೆ. ಆ ಮನೆಯ ಹಿರಿಯ ಹೆಂಗಸು ತೀರಿಕೊಂಡಿದ್ದಾರೆ. ಅಡುಗೆಮನೆಯ ಪಾತ್ರೆಗಳನ್ನೆಲ್ಲ ಹೊರಗೆ ಸಾಗಿಸಿ, ಮಸೀದಿಯಿಂದ ತಂದ ಉದ್ದನೆಯ ಹಲಗೆಯನ್ನು ಅಲ್ಲಿ ಹಾಕಿದ್ದಾರೆ. ಬಾಗಿಲಿಗೆ ಎರಡು ಬೆಡ್‌ಶೀಟು ಕಟ್ಟಿ ಪರದೆ ಮಾಡಿದ್ದಾರೆ. ಒಲೆಯ ಮೇಲೆ ಎಲಚಿ ಎಲೆ ಹಾಕಿದ ನೀರು ಕಾಯುತ್ತಿದೆ.

ಮೆಹರುನ್ನೀಸಾ ಬರುತ್ತಾರೆ. ಅರವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಸಣ್ಣ ಹೆಜ್ಜೆ. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರೊಳಗೆ ಕರ್ಪೂರ, ಹತ್ತಿ, ಕತ್ತರಿ, ತಾವೇ ಹೊಲಿದುಕೊಂಡ ಬಟ್ಟೆಯ ಕೈಗವಸು. ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿ, ಕಫನ್ನಿನ ಬಿಳಿ ಬಟ್ಟೆ ಉಡಿಸಿ ಕಳಿಸಿಕೊಡುವುದು ಇವರ ಕೆಲಸ. ಆ ಸ್ನಾನಕ್ಕೆ ಗುಸ್ಲ್ ಎನ್ನುತ್ತಾರೆ. ಓಣಿಯವರಿಗೆ ಇವರು ಬರೀ ಖಾಲಾ, ಅಂದರೆ ಚಿಕ್ಕಮ್ಮ.

ಪರದೆ ಸರಿಸಿ ಒಳಗೆ ಹೋಗಬೇಕು ಎನ್ನುವಷ್ಟರಲ್ಲಿ ತೀರಿಕೊಂಡವರ ಮೈದುನನೊಬ್ಬ ಕುರ್ಚಿಯಿಂದ ಎದ್ದು ಬರುತ್ತಾನೆ. ದನಿ ತಗ್ಗಿಸಿ ಹೇಳುತ್ತಾನೆ: "ಖಾಲಾ, ಅಂದರ್ ಕಿ ಬಾತ್ ಅಂದರಿಚ್ ರಹ್ನಾ."

ಒಳಗಿನ ಮಾತು ಒಳಗೇ ಇರಬೇಕು. ಅಷ್ಟೇ ಅವನು ಹೇಳಿದ್ದು. ಮೆಹರುನ್ನೀಸಾ ಅವನ ಮುಖ ನೋಡುವುದಿಲ್ಲ. "ನೀರು ಇನ್ನೊಂದು ಬಕೆಟ್ ತರಿಸಪ್ಪ" ಎಂದು ಒಳಗೆ ಹೋಗುತ್ತಾರೆ.

ಮುಕ್ಕಾಲು ಗಂಟೆಯಾದ ಮೇಲೆ ಹೊರಗೆ ಬಂದಾಗ ಅವರ ತೋಳು ಮೊಣಕೈವರೆಗೆ ಒದ್ದೆ. ಮೈಯಿಂದ ಕರ್ಪೂರದ ವಾಸನೆ. ಬಾಗಿಲಲ್ಲಿ ಅಳುತ್ತಾ ನಿಂತ ಹೆಂಗಸರಿಗೆ ಅವರು ಒಂದೇ ಮಾತು ಹೇಳುತ್ತಾರೆ, ಪ್ರತಿ ಮನೆಯಲ್ಲೂ ಹೇಳುವ ಮಾತು: "ಹೂವಿನ ಹಾಗಿದ್ರು. ಹೂವಿನ ಹಾಗೆ ಕಳಿಸಿದ್ದೀನಿ."

ಈ ಕೆಲಸ ಅವರಿಗೆ ಅತ್ತೆಯಿಂದ ಬಂದದ್ದು. ಮದುವೆಯಾಗಿ ಪುಲಿಕೇಶಿನಗರದಿಂದ ಈ ಓಣಿಗೆ ಬಂದಾಗ ಇವರಿಗೆ ಸತ್ತವರನ್ನು ಕಂಡರೆ ಜ್ವರ ಬರುತ್ತಿತ್ತಂತೆ. ಅತ್ತೆ ಕೈ ಹಿಡಿದು ಕರೆದುಕೊಂಡು ಹೋಗಿ, "ಬದುಕಿರೋರಿಗೆ ಹೆದರು, ಇವರು ನಿಂಗೇನ್ ಮಾಡ್ತಾರೆ" ಎಂದು ಚೆಂಬು ಕೈಗೆ ಕೊಟ್ಟರು. ಇದಕ್ಕೆ ಕೂಲಿ ಕೇಳುವ ಪದ್ಧತಿಯಿಲ್ಲ. ಗಂಡ ಬಟ್ಟೆ ಅಂಗಡಿಯಲ್ಲಿ ಕಟಿಂಗ್ ಮಾಡುತ್ತಿದ್ದರು, ಅವರು ಹೋಗಿ ಬಹಳ ವರ್ಷವಾಯಿತು. ಮೆಹರುನ್ನೀಸಾ ಬುರ್ಖಾಗಳಿಗೆ ಮಣಿ, ಗುಂಡಿ ಹೊಲಿದು ಬದುಕುತ್ತಾರೆ. ಮಗಳು ಉಮ್ಮೆ ಕುಲ್ಸುಂ ಕೆ.ಆರ್. ಪುರದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ತಾಯಿಯ ಕೆಲಸ ಅವಳಿಗೆ ಬೇಡ. ಬಲವಂತವೂ ಇಲ್ಲ.

ಈ ಲೇಖನ ಹೆಣ ತೊಳೆಯುವುದರ ಬಗ್ಗೆ ಅಲ್ಲ. ಸ್ತನದ ಕ್ಯಾನ್ಸರಿನ ಬಗ್ಗೆ. ಸ್ತನ ಎಂದೇ ಬರೆಯುತ್ತೇನೆ. ಎದೆ, ಮೇಲ್ಭಾಗ, ಆ ಜಾಗ ಎಂದು ಸುತ್ತಿ ಬಳಸಿ ಹೇಳಿಯೇ ನಾವು ಅರ್ಧ ಜನರನ್ನು ಮಣ್ಣಿಗೆ ಹಾಕಿದ್ದೇವೆ. ಊರಿಗೆ ಮೆಟ್ರೊ ಬಂತು, ಬೀದಿಗೊಂದು ಸ್ಕ್ಯಾನಿಂಗ್ ಸೆಂಟರಿನ ಬೋರ್ಡು ಬಂತು. ಆದರೆ ಈ ಓಣಿಗಳಲ್ಲಿ ಹೆಂಗಸಿನ ಸ್ತನವನ್ನು ಬೆಳಕಿನಲ್ಲಿ ಇನ್ನೊಬ್ಬರು ಮೊದಲ ಸಲ ನೋಡುವುದು ಅವಳು ಸತ್ತ ಮೇಲೆ. ನೋಡುವವರು ಮೆಹರುನ್ನೀಸಾ. ಅವಳಿಗೆ ಸಿಗುವ ಮೊದಲ ತಪಾಸಣೆ ಅದೇ.

"ಮನೆಯವರು ಶುಗರ್ ಅಂತಾರೆ, ಹಾರ್ಟು ಅಂತಾರೆ" ಎನ್ನುತ್ತಾರೆ ಅವರು. "ಸುಳ್ಳು ಹೇಳಲ್ಲ ಪಾಪ, ಅವರಿಗೂ ಅಷ್ಟೇ ಗೊತ್ತಿರೋದು. ಒಳಗೆ ಹೋಗಿ ಜಾಕೀಟು ಕತ್ತರಿಸಿದ್ರೆ ಹತ್ತಿ. ಹತ್ತಿ ಮೇಲೆ ಹಳೇ ದುಪಟ್ಟಾ ಬಿಗಿದು ಕಟ್ಟಿರ್ತಾರೆ. ಅದನ್ನ ಬಿಚ್ಚಿದ್ರೆ... ಬೇಡ ಬಿಡಿ, ಪೇಪರಲ್ಲಿ ಬರೀಬೇಡಿ. ಜನ ತಿಂಡಿ ತಿನ್ನೋ ಹೊತ್ತಲ್ಲಿ ಓದ್ತಾರೆ."

ತಿಂಡಿ ತಿನ್ನುವ ಹೊತ್ತಿನಲ್ಲೇ ಓದಲಿ. ಕೊಳೆತ ಗಾಯವನ್ನು ವರ್ಷಗಟ್ಟಲೆ ಬಟ್ಟೆಯೊಳಗೆ ಕಟ್ಟಿಕೊಂಡು ಆ ಹೆಂಗಸರು ಇಡೀ ಮನೆಗೆ ತಿಂಡಿ ಮಾಡಿ ಬಡಿಸಿದ್ದಾರೆ. ವಾಸನೆ ಮುಚ್ಚಲು ಅತ್ತರು ಹಚ್ಚಿಕೊಂಡಿದ್ದಾರೆ. ಕೋಣೆಗೆ ಎರಡು ಹೊತ್ತು ಲೋಬಾನದ ಹೊಗೆ ಹಾಕಿದ್ದಾರೆ. ಮನೆಯವರು "ಅಮ್ಮಿಗೆ ವಯಸ್ಸಾದ ಮೇಲೆ ಸುಗಂಧದ ಹುಚ್ಚು" ಎಂದು ನಕ್ಕಿದ್ದಾರೆ.

ಇದು ಒಂದು ಧರ್ಮದ ಕತೆ ಎಂದು ಯಾರಾದರೂ ಮೀಸೆ ತಿರುವುವ ಮೊದಲು ಜಟ್ಟೆಮ್ಮನ ಮಾತು ಕೇಳಿ. ಜಟ್ಟೆಮ್ಮ ಆಶಾ ಕಾರ್ಯಕರ್ತೆ, ಮನೆಮನೆಗೆ ಹೋಗಿ ಬಸುರಿ ಬಾಣಂತಿಯರ, ಮಕ್ಕಳ ಲಸಿಕೆಯ ವಿಚಾರ ನೋಡುವವರು. ಹುಟ್ಟಿದ್ದು ಹೊರಮಾವಿನ ಹಳೇ ರೈತರ ಮನೆಯಲ್ಲಿ, ಕೊಟ್ಟಿದ್ದು ಹಲಸೂರಿಗೆ. "ನಮ್ಮ ಚಿಕ್ಕಮ್ಮನಿಗೂ ಹಿಂಗೇ ಆಯ್ತು ಸಾರ್. ಹೊಲ ಹೋಗಿ ಅಪಾರ್ಟ್‌ಮೆಂಟ್ ಬಂತು, ಮನೆ ಮುಂದೆ ಎರಡು ಕಾರು. ಚಿಕ್ಕಮ್ಮ ಮಾತ್ರ ಗಂಟಿಗೆ ಅರಿಶಿನ ಮೆತ್ಕೊಂಡು ಕೂತಿದ್ರು. ಯಾಕೆ ಹೇಳ್ಲಿಲ್ಲ ಅಂದ್ರೆ, ಸೊಸೇರ ಮುಂದೆ ಹೆಂಗ್ ಬಿಚ್ಚಿ ತೋರ್ಸ್ಲಿ ಅಂದ್ರು. ಕಾರು ಇದ್ದು ಏನ್ ಮಾಡೋದು, ಅದು ಹೋಗಿದ್ದು ಮದುವೆ ಮನೆಗೆ."

ಮೆಹರುನ್ನೀಸಾ ಅವರ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ತೊಳೆದವಳು ಒಳಗೆ ಕಂಡದ್ದನ್ನು ಹೊರಗೆ ಬಾಯಿಬಿಡಬಾರದು. ಸತ್ತವರ ಮೈಯಲ್ಲಿ ಗಾಯವಿರಲಿ, ಕಲೆಯಿರಲಿ, ಅದು ಅವರ ಗುಟ್ಟು. ಅದನ್ನು ಮುಚ್ಚಿಡುವುದು ಪುಣ್ಯ, ಆಡುವುದು ಪಾಪ. ಒಳ್ಳೆಯ ನಿಯಮವೇ. ಸತ್ತವಳಿಗಾದರೂ ಮಾನ ಉಳಿಯಲಿ ಎಂದು ಮಾಡಿದ್ದು. ಆದರೆ ಸತ್ತವಳಿಗೆ ಹೆಣ್ಣುಮಕ್ಕಳಿರುತ್ತಾರೆ. ತಾಯಿಗೆ ಸ್ತನದ ಕ್ಯಾನ್ಸರ್ ಇದ್ದರೆ ಮಗಳಿಗೆ ಬರುವ ಭಯ ಬೇರೆಯವರಿಗಿಂತ ಹೆಚ್ಚು. ಆ ಮಗಳಿಗೆ ಹೇಳಬೇಕಾದ ಮಾತನ್ನು ತಾಯಿ ಹೇಳದೆ ಹೋಗಿದ್ದಾಳೆ. ಬಲ್ಲ ಇನ್ನೊಬ್ಬರೆಂದರೆ ತೊಳೆದವರು. ಅವರ ಬಾಯಿಗೆ ಬೀಗ.

ಹಾಗಾಗಿ ಮೆಹರುನ್ನೀಸಾ ಒಂದು ದಾರಿ ಕಂಡುಕೊಂಡರು. ಏನೂ ಹೇಳುವುದಿಲ್ಲ. ಆದರೆ ಅಂಥ ಮನೆಗೆ ಸ್ವಲ್ಪ ದಿನ ಬಿಟ್ಟು ಮತ್ತೆ ಹೋಗುತ್ತಾರೆ. ಜೊತೆಗೆ ಜಟ್ಟೆಮ್ಮ. ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಕರೆದು, ಒಂದು ಸಲ ಆಸ್ಪತ್ರೆಗೆ ತೋರಿಸ್ಕೊಂಡು ಬನ್ನಿ ಎನ್ನುತ್ತಾರೆ. ಯಾಕೆ ಎಂದರೆ ಎಲ್ಲರೂ ತೋರಿಸ್ಕೊಬೇಕು ಎನ್ನುತ್ತಾರೆ.

ಇಲ್ಲಿ ಇನ್ನೊಂದು ಫಜೀತಿ. ಸಾವಾದ ಮನೆಗೆ ಓಡೋಡಿ ಕರೆಸಿಕೊಳ್ಳುವ ಖಾಲಾ ಸುಮ್ಮನೆ ಬಾಗಿಲು ತಟ್ಟಿದರೆ ಯಾರಿಗೂ ಬೇಡ. "ಒಬ್ಬಳು ಕಿಟಕಿಯಿಂದಲೇ ಹೇಳಿದಳು, ಖಾಲಾ, ನಮ್ಮನೇಲಿ ಎಲ್ಲಾರೂ ಬದುಕಿದ್ದೀವಿ, ಮುಂದಕ್ಕೆ ಹೋಗಿ ಅಂತ" ಎಂದು ಮೆಹರುನ್ನೀಸಾ ನಗುತ್ತಾರೆ. ಜಟ್ಟೆಮ್ಮ ಸೇರಿಸುತ್ತಾರೆ: "ಮೆಹರಕ್ಕ ಬಂದ್ರೆ ಹೆಣ ಬೀಳುತ್ತೆ ಅಂತಾರೆ. ನಾನು ಬಂದ್ರೆ ಮಕ್ಕಳಾಗದ ಆಪರೇಷನ್ ಮಾಡಿಸ್ತಾಳೆ ಅಂತಾರೆ. ಇಬ್ರೂ ಒಟ್ಟಿಗೆ ಹೊರಟ್ರೆ ಬೀದಿನೇ ಖಾಲಿ."

ಮಿಸ್ಬಾಳ ತಾಯಿ ತೀರಿಕೊಂಡದ್ದು ಹೋದ ವರ್ಷ, ರಂಜಾನಿಗೆ ಸ್ವಲ್ಪ ಮುಂಚೆ. ಮಿಸ್ಬಾಗೆ ಮೂವತ್ತೆರಡು ವಯಸ್ಸು, ಇಬ್ಬರು ಮಕ್ಕಳು. ಅಣ್ಣ ಅರ್ಸಲಾನ್‌ಗೆ ರಸೆಲ್ ಮಾರುಕಟ್ಟೆ ಹತ್ತಿರ ಮೊಬೈಲ್ ಕವರುಗಳ ಅಂಗಡಿ. ಸ್ನಾನದ ಹೊತ್ತಿಗೆ ಮಿಸ್ಬಾ, ನಾನೂ ಒಳಗೆ ಬಂದು ಅಮ್ಮಿಗೆ ನೀರು ಹಾಕುತ್ತೇನೆ ಎಂದು ಅತ್ತಳು. ಮಗಳು ಬರಬಹುದು, ಅದು ಅವಳ ಹಕ್ಕು. ಅಷ್ಟರಲ್ಲಿ ಮೆಹರುನ್ನೀಸಾ ಆ ತಾಯಿಯ ಎದೆಗೆ ಕಟ್ಟಿದ್ದ ದುಪಟ್ಟಾ ಬಿಚ್ಚಿ ನೋಡಿಯಾಗಿತ್ತು. ಬೇಡ ಎಂದು ಪರದೆಯ ಒಳಗಿನಿಂದಲೇ ಹೇಳಿದರು.

"ಪಾಪ ಅನ್ನಿಸ್ತು. ತಾಯಿನ ಹಂಗೆ ನೋಡಿದ್ರೆ ಆ ಹುಡುಗಿ ಬಾಳ್ವೆ ಪೂರಾ ಅದನ್ನೇ ಕಣ್ಣಲ್ಲಿ ಇಟ್ಕೊಂಡಿರ್ತಾಳೆ ಅಂತ. ಒಳಗೆ ಬಿಟ್ಟಿದ್ರೆ ಅವಳೇ ನೋಡ್ತಿದ್ದಳು. ನಾನು ಹೇಳೋ ಕೆಲಸನೇ ಇರ್ತಿರಲಿಲ್ಲ." ಮಣಿ ಹೊಲಿಯುತ್ತಿದ್ದ ಸೂಜಿ ನಿಲ್ಲುತ್ತದೆ. "ಕರುಣೆ ತೋರಿಸಿದೆ ಅಂದ್ಕೊಂಡೆ ನಾನು."

ಮೂರನೇ ದಿನದ ಪ್ರಾರ್ಥನೆ, ಜಿಯಾರತ್, ಮುಗಿದ ಮೇಲೆ ಅವರು ಮಿಸ್ಬಾಳ ಬೆನ್ನು ಬಿದ್ದರು. ಅವಳು ಮಕ್ಕಳ ಪರೀಕ್ಷೆ ಎಂದಳು, ಉಪವಾಸ ಎಂದಳು, ಹಬ್ಬ ಎಂದಳು. ಅರ್ಸಲಾನ್ ಬಾಗಿಲಲ್ಲೇ ನಿಲ್ಲಿಸಿ, "ಖಾಲಾ, ನಿಮ್ಮ ಕೆಲಸ ಮುಗೀತಲ್ಲ, ಮತ್ತೆ ಯಾಕೆ ಬರ್ತೀರ" ಎಂದು ಕೇಳಿದ. ಇವರು ಹೋಗುವುದು ಬಿಡಲಿಲ್ಲ. ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ, ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ, ಮಿಸ್ಬಾ ಅವರ ಕೈ ಹಿಡಿದು ತನ್ನ ಎಡ ಸ್ತನದ ಮೇಲೆ ಒತ್ತಿಕೊಂಡಳು. ಒಳಗೆ ಬಟಾಣಿಗಿಂತ ದೊಡ್ಡದೊಂದು ಗಂಟು. ಗಟ್ಟಿ. ಜರುಗುತ್ತಿರಲಿಲ್ಲ.

ಇನ್ನು ಆಸ್ಪತ್ರೆಯ ಕತೆ. ಹೆಸರು ಬೇಡ, ಎಲ್ಲ ದೊಡ್ಡ ಆಸ್ಪತ್ರೆಗಳೂ ಒಂದೇ. ಮೊದಲ ದಿನ ಮೂವರೂ ಹೋದಾಗ ಸ್ಕ್ಯಾನಿಂಗ್ ಯಂತ್ರ ಕೆಟ್ಟಿತ್ತು. ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. "ನಂಗೆ ನೋಡಿದ ತಕ್ಷಣ ಗೊತ್ತಾಯ್ತು" ಎನ್ನುತ್ತಾರೆ ಮೆಹರುನ್ನೀಸಾ. "ಬಿಳಿ ಬಟ್ಟೆ ಹೊದಿಸಿದ್ದು ಯಾವುದೂ ಮತ್ತೆ ಎದ್ದು ಬಂದಿದ್ದು ನಾನು ಕಂಡಿಲ್ಲ." ಎರಡನೇ ಸಲ ಲೇಡಿ ಡಾಕ್ಟರ್ ರಜೆ. ಗಂಡಸು ಡಾಕ್ಟರ್ ಎದುರು ಬುರ್ಖಾ ತೆಗೆಯಲು ಮಿಸ್ಬಾಗೆ ಆಗಲಿಲ್ಲ. ನಾಚಿಕೆಯೇ ದೊಡ್ಡದಾಯಿತೇ ಎಂದು ಕೇಳುವವರಿಗೆ ಒಂದು ಮಾತು: ಆ ಕೋಣೆಗೆ ಬಾಗಿಲಿತ್ತು, ಚಿಲಕವಿರಲಿಲ್ಲ. ರೋಗಿಗಳು ಇಣುಕಿ ಇಣುಕಿ ತಮ್ಮ ಸರದಿ ಕೇಳುತ್ತಿದ್ದರು. ಅಂಥಲ್ಲಿ ಯಾರ ಮನೆಯ ಹೆಂಗಸು ಬಟ್ಟೆ ಬಿಚ್ಚುತ್ತಾಳೆ?

ಮೂರನೇ ಸಲ ಲೇಡಿ ಡಾಕ್ಟರ್ ಸಿಕ್ಕರು. ಸುಸ್ತಾಗಿದ್ದರು, ಹೊರಗೆ ಸಾಲು ಮೆಟ್ಟಿಲವರೆಗೆ ಇತ್ತು. ಒತ್ತಿ ನೋಡಿದರು. ಈ ವಯಸ್ಸಿನಲ್ಲಿ ಇಂಥ ಗಂಟು ಸಾಮಾನ್ಯ, ಬಹುಪಾಲು ಏನೂ ಆಗಿರುವುದಿಲ್ಲ ಎಂದರು. ಆಮೇಲೆ ಕೇಳಿದರು:

"ಮನೇಲಿ ಯಾರಿಗಾದ್ರೂ ಬ್ರೆಸ್ಟ್ ಕ್ಯಾನ್ಸರ್ ಇತ್ತಾ? ಅಮ್ಮ, ಅಕ್ಕ, ಅಜ್ಜಿ?"

"ಇಲ್ಲ ಮೇಡಂ. ಅಮ್ಮಿ ಶುಗರಲ್ಲಿ ಹೋದ್ರು" ಎಂದಳು ಮಿಸ್ಬಾ. ಅವಳಿಗೆ ಗೊತ್ತಿದ್ದ ಸತ್ಯವೇ ಅದು.

"ಹಾಗಿದ್ರೆ ಗಾಬರಿ ಬೇಡಮ್ಮ. ಸ್ಕ್ಯಾನಿಂಗಿಗೆ ಈಗ ತುಂಬಾ ಜನ ಇದ್ದಾರೆ. ಎರಡು ಮೂರು ತಿಂಗಳು ಬಿಟ್ಟು ಬನ್ನಿ, ದೊಡ್ಡದಾಗಿದ್ರೆ ನೋಡೋಣ."

ಕೈಗೆ ಗಂಟು ಸಿಕ್ಕ ಮೇಲೆ ಯಾವ ವಯಸ್ಸಾದರೂ ಸ್ಕ್ಯಾನಿಂಗ್ ಮಾಡಿಸಲೇಬೇಕು, ಕಾಯಿಸಬಾರದು ಎಂದು ನಾನು ಕೇಳಿದ ಬೇರೆ ವೈದ್ಯರು ಹೇಳಿದರು. ಸರಿ. ಆದರೆ ಅಷ್ಟು ಹೆಂಗಸರಿಗೆ ಅಷ್ಟೇ ಯಂತ್ರ, ಅದರಲ್ಲೂ ಒಂದಕ್ಕೆ ಬಿಳಿ ಬಟ್ಟೆ ಹೊದಿಸಿಟ್ಟವರು ಯಾರು? ಆ ಡಾಕ್ಟರಮ್ಮನನ್ನು ಬೈದು ಸುಮ್ಮನಾಗುವುದು ಸುಲಭ. ನಮ್ಮ ಸಿಟ್ಟು ಯಾವಾಗಲೂ ಎದುರಿಗೆ ಕೂತವರ ಮೇಲೆಯೇ ಮುಗಿದುಹೋಗುತ್ತದೆ.

ಮಿಸ್ಬಾ ಎದ್ದು ಬುರ್ಖಾ ಸರಿಮಾಡಿಕೊಂಡಳು. ಮುಖದಲ್ಲಿ ಸಮಾಧಾನವೂ ಇತ್ತು. ಏನೂ ಇಲ್ಲ ಎಂದು ಯಾರಾದರೂ ಹೇಳಲಿ ಎಂದೇ ಅವಳು ಕಾದಿದ್ದಳು. ಜಟ್ಟೆಮ್ಮ ಬಾಗಿಲು ತೆರೆದರು. ಮೆಹರುನ್ನೀಸಾ ಮಾತ್ರ ಸ್ಟೂಲಿನಿಂದ ಏಳಲಿಲ್ಲ.

"ಇತ್ತು" ಎಂದರು.

ಡಾಕ್ಟರ್ ತಲೆಯೆತ್ತಿದರು. "ಯಾರಿಗೆ?"

"ಇವಳ ಅಮ್ಮಿಗೆ. ಒಡೆದು ಹೋಗಿತ್ತು. ತೊಳೆದಿದ್ದು ನಾನು."

ಆ ಕೋಣೆಯಲ್ಲಿ ಆಗ ಏನಾಯಿತೆಂದು ಜಟ್ಟೆಮ್ಮ ಹೇಳುತ್ತಾರೆ. "ಮಿಸ್ಬಾ ತಿರುಗಿ ನಿಂತ್ಲು. ಅಳ್ಲಿಲ್ಲ. ಮೆಹರಕ್ಕನ ಮುಖಾನೇ ನೋಡ್ತಾ, ಅದಕ್ಕೇನಾ ನನ್ನ ಒಳಗೆ ಬಿಡ್ಲಿಲ್ಲ ಅಂದ್ಲು. ಮೆಹರಕ್ಕ ಹೂಂ ಅಂದ್ರು. ಡಾಕ್ಟರು ಫೋನ್ ಎತ್ಕೊಂಡ್ರು. ಆ ವಾರಾನೇ ಸ್ಕ್ಯಾನಿಂಗ್ ಆಯ್ತು, ಸೂಜಿ ಹಾಕಿ ತೆಗೆದೂ ನೋಡಿದ್ರು. ಕ್ಯಾನ್ಸರೇ ಸಾರ್. ಆದ್ರೆ ಚಿಕ್ಕದು. ಹರಡಿರ್ಲಿಲ್ಲ."

ಮಿಸ್ಬಾಗೆ ಆಪರೇಷನ್ ಆಯಿತು. ಕೀಮೋ ಆಯಿತು. ಕೂದಲು ಹೋಗಿ ಈಗ ಮತ್ತೆ ಬರುತ್ತಿದೆ. ಇಲ್ಲಿಗೆ ನಿಲ್ಲಿಸಿದರೆ ಇದು ಸುಖಾಂತ್ಯದ ಕತೆಯಾಗುತ್ತಿತ್ತು. ಪತ್ರಿಕೆಯವರಿಗೂ ಅದೇ ಇಷ್ಟ.

ಆದರೆ ಅರ್ಸಲಾನ್‌ಗೆ ವಿಷಯ ಗೊತ್ತಾಯಿತು. ತಂಗಿಗೆ ಕ್ಯಾನ್ಸರ್ ಎನ್ನುವುದಕ್ಕಿಂತ, ತನ್ನ ತಾಯಿಯ ಮೈಯನ್ನು ಖಾಲಾ ಪರರ ಮುಂದೆ ಬಯಲು ಮಾಡಿದರು ಎನ್ನುವುದು ಅವನಿಗೆ ದೊಡ್ಡದಾಯಿತು. ಓಣಿಯಲ್ಲಿ ನಿಂತು ಕೂಗಾಡಿದ. "ನಮ್ಮ ಅಮ್ಮಿ ಯಾರ ಮುಂದೆನೂ ತಲೆ ಸೆರಗು ಜಾರಿಸಿದೋರಲ್ಲ. ಸತ್ತ ಮೇಲೆ ನೀವು ಆಸ್ಪತ್ರೇಲಿ ಹರಾಜು ಹಾಕಿದ್ರಿ" ಎಂದ. ಮಾತು ಓಣಿಯಿಂದ ಓಣಿಗೆ ಹೋಯಿತು. ಖಾಲಾ ಬಾಯಿ ಬಿಟ್ಟರಂತೆ. ಇವತ್ತು ಅವರ ಮನೆಯದು, ನಾಳೆ ನಮ್ಮದು. ಮೊದಲು ತಿಂಗಳಿಗೆ ಹತ್ತು ಹನ್ನೆರಡು ಮನೆಯವರು ಕರೆಯುತ್ತಿದ್ದರು. ಈಗ ಎರಡೋ ಮೂರೋ. ಉಳಿದವರು ಟ್ಯಾನರಿ ರಸ್ತೆಯ ಕಡೆಯಿಂದ ಬೇರೆಯವರನ್ನು ಕರೆಸುತ್ತಾರೆ. ಕರೆಯುವವರೂ ಬಾಗಿಲಲ್ಲಿ ಆಣೆ ಹಾಕಿಸಿದ ಹಾಗೆ ಒಂದು ಮಾತು ಹೇಳುತ್ತಾರೆ. ಈ ಬೆಳಿಗ್ಗೆ ಆ ಮೈದುನ ಹೇಳಿದ್ದು ಅದೇ.

"ಮಸೀದಿಯ ಹಿರಿಯರನ್ನ ಹೋಗಿ ಕೇಳಿದೆ" ಎನ್ನುತ್ತಾರೆ ಮೆಹರುನ್ನೀಸಾ. "ಬದುಕಿರೋ ಜೀವಕ್ಕೆ ಉಪಯೋಗ ಆಗೋ ಹಂಗಿದ್ರೆ, ಬೇಕಾದವರ ಕಿವಿಗೆ ಮಾತ್ರ ಹೇಳು, ತಪ್ಪಿಲ್ಲ ಅಂದ್ರು. ಓಣಿಯೋರು ಅವರನ್ನ ಕೇಳ್ಲಿಲ್ಲ. ಅವರಿಗೆ ಕೇಳೋದು ಬೇಡ ಇತ್ತು."

ಕೆಲಸ ಹೋದದ್ದಕ್ಕಲ್ಲ, ಇನ್ನೊಂದಕ್ಕೆ ಅವರಿಗೆ ಸಂಕಟ. ತೊಳೆಯುವ ಹೆಣ ಕಡಿಮೆಯಾದರೆ ಕಾಣುವ ಗಾಯವೂ ಕಡಿಮೆ. ಬೇರೆಯವರು ತೊಳೆದ ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಏನೂ ತಿಳಿಯದೆ ಕೂತಿದ್ದಾರೋ ಯಾರು ಬಲ್ಲರು. ಟ್ಯಾನರಿ ರಸ್ತೆಯವರು ನಿಯಮ ಮುರಿಯುವುದಿಲ್ಲ. ಅವರಿಗೆ ಈಗ ಒಳ್ಳೆಯ ಹೆಸರು.

ಹೋದ ಅಕ್ಟೋಬರಿನಲ್ಲಿ ಇಂದಿರಾನಗರದಲ್ಲಿ ಸ್ತನ ಕ್ಯಾನ್ಸರ್ ಶಿಬಿರವೊಂದು ನಡೆಯಿತು. ರಸ್ತೆ ತುಂಬ ಗುಲಾಬಿ ಬಲೂನು. ಓಡುವವರಿಗೆ ಗುಲಾಬಿ ಟೀ ಶರ್ಟು. ಹಿಂದುಳಿದ ಪ್ರದೇಶದ ಮಹಿಳೆಯರನ್ನು ಕರೆತರಬೇಕೆಂದು ಜಟ್ಟೆಮ್ಮನಿಗೆ ಮೇಲಿನಿಂದ ಹೇಳಿದರು. ಅವರೂ ಮೆಹರುನ್ನೀಸಾ ಅವರೂ ಬಾಗಿಲು ಬಾಗಿಲು ತಟ್ಟಿ, ಬೈಸಿಕೊಂಡು, ಹೇಗೋ ಒಂದು ವ್ಯಾನ್ ತುಂಬ ಹೆಂಗಸರನ್ನು ಒಪ್ಪಿಸಿ ಕರೆದುಕೊಂಡು ಹೋದರು. ಎ.ಸಿ. ಹಾಲಿನಲ್ಲಿ ಕೂರಿಸಿದರು. ಭಾಷಣ ಇಂಗ್ಲಿಷಿನಲ್ಲಿತ್ತು. ಫೋಟೊ ತೆಗೆದರು. ಜ್ಯೂಸ್ ಕೊಟ್ಟರು.

"ಪರೀಕ್ಷೆ ಎಲ್ಲಿ ಮಾಡ್ತೀರ ಮೇಡಂ ಅಂತ ಕೇಳ್ದೆ" ಎನ್ನುತ್ತಾರೆ ಜಟ್ಟೆಮ್ಮ. "ಪರೀಕ್ಷೆ ಇಲ್ಲಮ್ಮ, ಇದು ಜಾಗೃತಿ ಅಂದ್ರು. ಜಾಗೃತಿ ಅಂತೆ. ಬಂದಿದ್ದೋರೆಲ್ಲ ವ್ಯಾನಲ್ಲಿ ನನ್ನ ಮುಖಕ್ಕೆ ಉಗಿದ್ರು. ಆಮೇಲೆ ಇನ್ನೊಂದ್ಸಲ ಕರೆದ್ರೆ ಯಾರ್ ಬರ್ತಾರೆ ಹೇಳಿ."

ಒಂದು ಪರದೆ, ಒಬ್ಬ ಲೇಡಿ ಡಾಕ್ಟರ್, ಚಿಲಕ ಇರುವ ಒಂದು ಬಾಗಿಲು. ಬಲೂನುಗಳಿಗೆ ಗಾಳಿ ತುಂಬಿದ ಶ್ರಮದಲ್ಲಿ ಇಷ್ಟನ್ನು ಮಾಡಬಹುದಿತ್ತು. ಮೂವತ್ತು ದಾಟಿದ ಹೆಂಗಸರನ್ನೆಲ್ಲ ತಪಾಸಣೆಗೆ ಕರೆತರಬೇಕೆಂದು ಸರ್ಕಾರದ ನಿಯಮವೂ ಇದೆಯಂತೆ. ನಿಯಮ ಚೆನ್ನಾಗಿದೆ. ಹೆಂಗಸರು ಸಾಯುತ್ತಿದ್ದಾರೆ.

ಹೆಣ ಹೊತ್ತ ಜನಾಜಾ ಓಣಿ ದಾಟಿ ಹೋದ ಮೇಲೆ ಮೆಹರುನ್ನೀಸಾ ಮನೆಗೆ ಮರಳಿದ್ದಾರೆ. ಒಂದೇ ಕೋಣೆ, ಕಿಟಕಿಯ ಕೆಳಗೆ ಹೊಲಿಗೆಗೆ ಬಂದ ಕಪ್ಪು ಬಟ್ಟೆಯ ರಾಶಿ. ಮಿಸ್ಬಾ ಆಗಲೇ ಬಂದು ಚಹಾ ಇಟ್ಟಿದ್ದಾಳೆ. ಅಣ್ಣ ಅವಳೊಂದಿಗೆ ಮಾತು ಬಿಟ್ಟಿದ್ದಾನೆ. ಅವಳು ಖಾಲಾಳ ಮನೆಗೆ ಬರುವುದು ಬಿಟ್ಟಿಲ್ಲ. ಚೆಂಬು ಹಿಡಿಯುವುದು, ಹೊರಳಿಸುವುದು, ಕಫನಿನ ಬಟ್ಟೆ ಅಳೆದು ಹರಿಯುವುದು, ಒಂದೊಂದಾಗಿ ಕಲಿಯುತ್ತಿದ್ದಾಳೆ. ಮೈಯಲ್ಲಿ ಇನ್ನೂ ಪೂರ್ತಿ ಶಕ್ತಿ ಬಂದಿಲ್ಲ.

ಇವತ್ತು ಒಳಗೆ ಏನು ಕಂಡಿರಿ ಎಂದು ನಾನು ಕೇಳುವುದಿಲ್ಲ. ಕೇಳಿದರೂ ಅವರು ಹೇಳುವುದಿಲ್ಲ. ಆದರೆ ಚಹಾ ಕುಡಿಯುತ್ತಾ ಜಟ್ಟೆಮ್ಮನಿಗೆ ಫೋನ್ ಮಾಡುತ್ತಾರೆ: "ಮುಂದಿನ ವಾರ ಆ ಮನೆಗೆ ಹೋಗ್ಬೇಕು. ಮೂರು ಜನ ಹೆಣ್ಮಕ್ಕಳಿದ್ದಾರೆ." ಫೋನ್ ಕೆಳಗಿಡುತ್ತಾರೆ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಹೋದ ಕೆಲಸ ಮತ್ತೆ ಸಿಗಲಿ ಎನ್ನುವುದಿಲ್ಲ. ಓಣಿಯವರು ಕ್ಷಮೆ ಕೇಳಲಿ ಎನ್ನುವುದಿಲ್ಲ.

"ನನ್ನ ತೊಳೆಯೋರು ಯಾರೋ ಗೊತ್ತಿಲ್ಲ. ಯಾರೇ ಆಗ್ಲಿ, ನನ್ನ ಮೈಲಿ ಏನು ಕಂಡ್ರೂ ಮುಚ್ಚಬಾರದು. ನನ್ನ ಮಗಳು ಕುಲ್ಸುಂನ ಪಕ್ಕಕ್ಕೆ ಕರೆದು ಹೇಳ್ಬಿಡ್ಬೇಕು. ಹೂವಿನ ಹಾಗಿದ್ರು ಅನ್ನೋದು ಬೇಡ. ಬದುಕಿದ್ದಾಗಲೇ ಅಪ್ಪಣೆ ಕೊಟ್ಟಿದ್ದೀನಿ, ನೀವೂ ಬರ್ಕೊಳ್ಳಿ."

ಒಲೆಯ ಹತ್ತಿರದಿಂದ ಮಿಸ್ಬಾ ಹೇಳುತ್ತಾಳೆ: "ನಾನೇ ತೊಳೀತೀನಿ ಖಾಲಾ. ಕಂಡಿದ್ದೆಲ್ಲ ಹೇಳ್ತೀನಿ. ಆದ್ರೆ ತೊಳೆಯೋಕೆ ನಿಮ್ಮ ಕೈಗೆ ನಾನು ಸಿಗಲ್ಲ."

ಮೆಹರುನ್ನೀಸಾ ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ತಲೆ ಎತ್ತುವುದಿಲ್ಲ.

"ಸಿಗಬೇಡ" ಎನ್ನುತ್ತಾರೆ.